ಅತ್ತೆಯ ಓಲೆ, ಬಾಮೈದನ ಗಿಟಾರ್

ನಮ್ಮ ಕಡೆಯ ಆರ್ಕೆಸ್ಟ್ರಾ ತಂಡಗಳಲ್ಲಿ ದುಡ್ಡು ಕಮ್ಮಿ ಬಿದ್ದಾಗ ಮೊದಲು ಮನೆಗೆ ಹೋಗುವವನು ಗಿಟಾರ್ ನುಡಿಸುವವನು. ಹಾಡುವವರು ಬೇಕೇ ಬೇಕು. ಕೀಬೋರ್ಡ್ ಇಲ್ಲದೆ ಕಾರ್ಯಕ್ರಮವೇ ಇಲ್ಲ. ಢೋಲಕ್, ರಿದಮ್ ಪ್ಯಾಡ್ ಇಲ್ಲದಿದ್ದರೆ ಹುಡುಗರು ಕುಣಿಯಲ್ಲ. ಗಿಟಾರ್ ಮಾತು ಬಂದರೆ, "ಅದನ್ನ ಕೀಬೋರ್ಡಲ್ಲೇ ಬಾರಿಸ್ಬೋದು ಬಿಡಿ" ಅಂದುಬಿಡುತ್ತಾರೆ.

ನನ್ನ ಬಾಮೈದನಿಗೂ ಇದೇ ಮಾತು ಬಂತು. ಅವನು ಐಟಿಐ ಎಲೆಕ್ಟ್ರಿಷಿಯನ್. ಹಗಲು ಪಂಪ್‌ಸೆಟ್ ರಿಪೇರಿ, ರಾತ್ರಿ ಆರ್ಕೆಸ್ಟ್ರಾದಲ್ಲಿ ಗಿಟಾರ್. ಗಣಪತಿ ಹಬ್ಬದಿಂದ ರಾಜ್ಯೋತ್ಸವದವರೆಗೆ, ಆಮೇಲೆ ಸಂಕ್ರಾಂತಿಯಿಂದ ಯುಗಾದಿ ದಾಟುವವರೆಗೆ ಜಾತ್ರೆಗಳ ಸೀಸನ್. ಒಂದು ಕಾರ್ಯಕ್ರಮಕ್ಕೆ 1,200 ರೂಪಾಯಿ. ನವೆಂಬರ್ ಮುಗಿಯುತ್ತಲೇ ತಂಡದ ಯಜಮಾನರು ಅವನನ್ನು ಪಕ್ಕಕ್ಕೆ ಕರೆದು, "ನಿನ್ ಗಿಟಾರ್ ಜನಕ್ಕೆ ಕೇಳ್ಸದೇ ಇಲ್ಲ ಕಣಪ್ಪಾ. ಕೇಳ್ಸಿದ್ರೂ ಜೇನುಹುಳ ಗುಯ್‌ಗುಟ್ಟಿದಂಗೆ ಕೇಳ್ಸುತ್ತೆ. ಸಂಕ್ರಾಂತಿ ಒಳಗೆ ಏನಾದ್ರೂ ಮಾಡು, ಇಲ್ದಿದ್ರೆ ಕೀಬೋರ್ಡ್ ಸಾಕು" ಅಂದಿದ್ದರು.

ಅವನು ಕಂಡುಕೊಂಡ ದಾರಿ ವಾಲ್ವ್ ಆಂಪ್ಲಿಫೈಯರ್ ತರುವುದು. ಬೆಂಗಳೂರಿನಲ್ಲಿ ಯಾರೋ ಸೆಕೆಂಡ್ ಹ್ಯಾಂಡ್ ಮಾರುತ್ತಿದ್ದರು, 65,000 ರೂಪಾಯಿ. ಅವನ ಕೈಯಲ್ಲಿದ್ದದ್ದು 9,000. ಮಿಕ್ಕಿದ್ದಕ್ಕೆ ಅತ್ತೆಯ ಕಿವಿಯ ಓಲೆ ಮತ್ತು ಸರ ಅಡವಿಡುವ ಮಾತು ಮನೆಯಲ್ಲಿ ನಡೆದಿತ್ತು. ಅತ್ತೆ ನನ್ನನ್ನು ಕೇಳಿದ್ದು ಇಷ್ಟೇ: "ಅಳಿಯಂದ್ರೆ, ನೀವೂ ಹಾಸ್ಟೆಲಲ್ಲಿ ಗಿಟಾರ್ ಬಾರಿಸ್ತಿದ್ರಂತೆ. ಆ ಡಬ್ಬ ಬಂದ್ರೆ ಇವ್ನ ಕೆಲ್ಸ ಉಳಿಯುತ್ತಾ?"

ಹೌದು, ಪತ್ರಿಕೋದ್ಯಮ ಡಿಪ್ಲೊಮಾ ಓದುವಾಗ ಬಾರಿಸುತ್ತಿದ್ದೆ. ಈಗ ಜಿಲ್ಲೆಯಲ್ಲಿ ಸ್ಟ್ರಿಂಗರ್. ಅಚ್ಚಾದ ಸುದ್ದಿಗೆ ಇಷ್ಟು ಅಂತ ದುಡ್ಡು ಬರುವ ಕೆಲಸ. ಹಾಗಾಗಿ ಲೆಕ್ಕ ನನಗೆ ಬೇಗ ತಲೆಗೆ ಬರುತ್ತೆ. 65,000 ಅಂದರೆ 1,200ರಂತೆ 55 ರಾತ್ರಿ. ಅದೂ ಬಡ್ಡಿ ಬಿಟ್ಟು. "ಒಂದು ತಿಂಗಳು ತಡೀರಿ ಅತ್ತೆ, ಮೊದಲು ಇರೋದನ್ನ ನೋಡೋಣ" ಅಂದೆ.

ಇರುವುದು ಅಂದರೆ ಅವನ ಹತ್ತಿರ ಇದ್ದ ಪ್ರೊಸೆಸರ್. ಗಿಟಾರ್ ನುಡಿಸುವವರ ಬಾಯಲ್ಲಿ ಪ್ರೊಸೆಸರ್ ಅಂದರೆ ಕಾಲಲ್ಲಿ ಒತ್ತುವ ಒಂದು ಪೆಟ್ಟಿಗೆ. ಒಳಗೆ ಹತ್ತಾರು ಆಂಪ್‌ಗಳ ನಕಲು, ಎಕೋ, ಡಿಸ್ಟಾರ್ಷನ್ ಎಲ್ಲ ಇರುತ್ತೆ. ಗಿಟಾರ್ ಅದಕ್ಕೆ, ಅದರಿಂದ ನೇರ ಮೈಕ್‌ಸೆಟ್‌ನವರ ಮಿಕ್ಸರ್‌ಗೆ. ಈಗ ಎಲ್ಲ ತಂಡಗಳಲ್ಲೂ ಹೀಗೇ.

ಈ ಪೆಟ್ಟಿಗೆ ಏನನ್ನು ನಕಲು ಮಾಡುತ್ತೆ ಅನ್ನುವುದು ಗೊತ್ತಾದರೆ ಅರ್ಧ ಸಮಸ್ಯೆ ಬಿಡಿಸಿದಂತೆ. ಎಲೆಕ್ಟ್ರಿಕ್ ಗಿಟಾರಿನ ತಂತಿಗಳ ಕೆಳಗೆ ಪಿಕಪ್ ಇರುತ್ತೆ. ಅಂದರೆ ಅಯಸ್ಕಾಂತ, ಅದರ ಸುತ್ತ ಸಾವಿರಾರು ಸುತ್ತು ತೆಳು ತಾಮ್ರದ ತಂತಿ. ಉಕ್ಕಿನ ತಂತಿ ಅಲುಗಿದರೆ ಅಲ್ಲಿ ಚೂರು ಕರೆಂಟ್ ಹುಟ್ಟುತ್ತೆ, ಸೈಕಲ್ ಡೈನಮೋದ ತಮ್ಮ ಅನ್ನಿ. ಆ ಚೂರು ಕರೆಂಟಿಗೆ ಮೈಕೈ ತುಂಬಿಸುವುದು ಆಂಪ್ಲಿಫೈಯರ್ ಮತ್ತು ಅದರ ಸ್ಪೀಕರ್. ನಾವು ಸಿನಿಮಾ ಹಾಡುಗಳಲ್ಲಿ ಕೇಳಿ ತಲೆದೂಗುವ ಗಿಟಾರ್ ದನಿಯಲ್ಲಿ ಅರ್ಧ ಪಾಲು ಆ ಆಂಪ್‌ನದೇ.

ಆ ಆಂಪ್‌ಗಳನ್ನು ಮಾಡಿದವರೂ ದೊಡ್ಡ ವಿಜ್ಞಾನಿಗಳಲ್ಲ. ಲಿಯೋ ಫೆಂಡರ್ ಅಮೆರಿಕದ ಕ್ಯಾಲಿಫೋರ್ನಿಯಾದ ಫುಲರ್‌ಟನ್‌ನಲ್ಲಿ 1938ರಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟವರು. ಜಿಮ್ ಮಾರ್ಷಲ್ ಲಂಡನ್ ಪಶ್ಚಿಮದ ಹ್ಯಾನ್‌ವೆಲ್‌ನಲ್ಲಿ ಡ್ರಮ್ ಕಲಿಸಿಕೊಂಡು, ಡ್ರಮ್ ಅಂಗಡಿ ನಡೆಸುತ್ತಿದ್ದವರು. 1962ರಲ್ಲಿ ಫೆಂಡರ್ ಆಂಪ್ ಒಂದನ್ನು ಮಾದರಿ ಇಟ್ಟುಕೊಂಡು ತಮ್ಮದೇ ಆಂಪ್ ಮಾಡಿಸಿದರು. ಇವುಗಳ ಒಳಗಿದ್ದದ್ದು ನಮ್ಮ ತಾತಂದಿರ ರೇಡಿಯೋದಲ್ಲಿದ್ದಂಥದೇ ಗಾಜಿನ ವಾಲ್ವ್. ವಾಲ್ವ್‌ಗೆ ತಾಳಲಾರದಷ್ಟು ಸಿಗ್ನಲ್ ಕೊಟ್ಟರೆ ಅದು ದನಿಯನ್ನು ಹಿಂಡಿ, ಸ್ವಲ್ಪ ಒಡೆದು ಕೊಡುತ್ತೆ. ಆ ಒಡಕು ಜನಕ್ಕೆ ಹಿಡಿಸಿಬಿಟ್ಟಿತು. 1964ರಲ್ಲಿ ಇಂಗ್ಲೆಂಡಿನ ಕಿಂಕ್ಸ್ ತಂಡದ ಡೇವ್ ಡೇವಿಸ್ ತನ್ನ ಅಗ್ಗದ ಆಂಪ್‌ನ ಸ್ಪೀಕರ್ ಕಾಗದವನ್ನು ಬ್ಲೇಡಿನಿಂದ ಸೀಳಿ ಆ ಒಡಕನ್ನು ತಂದ. ಆ ಹಾಡು ಅಲ್ಲಿ ಮೊದಲ ಸ್ಥಾನಕ್ಕೆ ಹೋಯಿತು.

ವಾಲ್ವ್ ಆಂಪ್‌ಗಳಿಗೆ ತೊಂದರೆ ಎರಡು: ಭಾರ, ಮತ್ತು ಜೋರಾಗಿ ಇಟ್ಟರೆ ಮಾತ್ರ ಆ ದನಿ. ಹಾಗಾಗಿ ಸಣ್ಣ ಪೆಟ್ಟಿಗೆಯಲ್ಲಿ ಅದರ ನಕಲು ತರುವ ಪ್ರಯತ್ನ ಶುರುವಾಯಿತು. ಬೋಸ್ಟನ್ ತಂಡದ ಗಿಟಾರಿಸ್ಟ್ ಟಾಮ್ ಶೋಲ್ಜ್ ಎಂಜಿನಿಯರಿಂಗ್ ಓದಿದವರು. 1982ರಲ್ಲಿ ರಾಕ್‌ಮನ್ ಎಂಬ, ಇಯರ್‌ಫೋನಿನಲ್ಲಿ ಕೇಳುವ ಪುಟ್ಟ ಆಂಪ್ ತಂದರು. 1998ರಲ್ಲಿ ಲೈನ್ 6 ಕಂಪನಿಯ ಪಾಡ್ ಬಂತು, ಕೆಂಪು ಬಣ್ಣದ ಹುರುಳಿಕಾಯಿ ಬೀಜದ ಆಕಾರ. ವಾಲ್ವ್ ಯಾವಾಗ ಎಷ್ಟು ಹಿಂಡುತ್ತೆ, ಸ್ಪೀಕರ್ ಯಾವ ದನಿಯನ್ನು ನುಂಗುತ್ತೆ ಎಂಬುದನ್ನೆಲ್ಲ ಲೆಕ್ಕವಾಗಿ ಮಾಡಿ ಚಿಪ್‌ಗೆ ತುಂಬಿದ್ದರು. ಇದಕ್ಕೇ ಮಾಡೆಲಿಂಗ್ ಅನ್ನುವುದು. 2011ರಲ್ಲಿ ಜರ್ಮನಿಯ ಕೆಂಪರ್ ಬಂದ ಮೇಲೆ ಒಂದು ನಿರ್ದಿಷ್ಟ ಆಂಪ್‌ನ ದನಿಯನ್ನೇ ಫೋಟೋ ತೆಗೆದ ಹಾಗೆ ಹಿಡಿದಿಡುವುದು ಸಾಧ್ಯವಾಯಿತು. ಬಾಮೈದನ ಅಗ್ಗದ ಪೆಟ್ಟಿಗೆ ಇದೇ ವಂಶದ್ದು.

ಹಾಗಿದ್ದರೆ ಜೇನುಹುಳ ಎಲ್ಲಿಂದ ಬಂತು?

ಡಿಸೆಂಬರಿನಲ್ಲಿ ಒಂದು ಗೃಹಪ್ರವೇಶದ ಆರ್ಕೆಸ್ಟ್ರಾ ಇತ್ತು. ನಾನು ವೇದಿಕೆ ಹತ್ತಿರ ಹೋಗದೆ ಹಿಂದೆ, ಜನರ ಕೊನೆ ಸಾಲಿನಲ್ಲಿ ನಿಂತು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡೆ. ಮಾರನೇ ದಿನ ಅವನಿಗೆ ಕೇಳಿಸಿದೆ. "ಬಾವ, ಮನೇಲಿ ಹೆಡ್‌ಫೋನ್ ಹಾಕ್ಕೊಂಡ್ರೆ ಇದೇ ಟೋನು ಸೂಪರ್ ಆಗಿರುತ್ತೆ. ಇಲ್ಲಿ ಯಾಕಿಂಗೆ?" ಅಂದ. ಆಮೇಲೆ ಶಾಮಿಯಾನ ಅಂಗಡಿಯ ಮೈಕ್‌ಸೆಟ್ ಅಣ್ಣನನ್ನು ಒಪ್ಪಿಸಿ, ಬಾಡಿಗೆ ಇಲ್ಲದ ಮೂರು ಸಂಜೆ ಅವರ ಗೋಡೌನಿನಲ್ಲೇ ಒಂದು ಟಾಪ್, ಒಂದು ಬೇಸ್, ಮಿಕ್ಸರ್ ಇಟ್ಟುಕೊಂಡು ಕೂತೆವು. ಅಲ್ಲಿ ಕಂಡದ್ದನ್ನು ಒಂದೊಂದಾಗಿ ಹೇಳುತ್ತೇನೆ. ನಿಮ್ಮೂರಲ್ಲೂ ಒಬ್ಬ ಗಿಟಾರ್ ಹುಡುಗ ಇದ್ದರೆ ಇದನ್ನು ಕಳಿಸಿ.

ಮೊದಲನೆಯದು ಸ್ಪೀಕರ್ ವಿಷಯ. ಗಿಟಾರ್ ಆಂಪ್‌ನ 12 ಇಂಚಿನ ಸ್ಪೀಕರ್ ಸುಮಾರು 5,000 ಹರ್ಟ್ಸ್‌ನ ಮೇಲಿನ ಕೀಚು ದನಿಯನ್ನು ಹೆಚ್ಚುಕಮ್ಮಿ ಹೊರಗೇ ಬಿಡುವುದಿಲ್ಲ. ಮೈಕ್‌ಸೆಟ್‌ನ ಟಾಪ್‌ನಲ್ಲಿ ಹಾರ್ನ್ ಇರುತ್ತೆ. ಅದು 15,000 ಹರ್ಟ್ಸ್‌ವರೆಗೂ ಎಲ್ಲವನ್ನೂ ಕಕ್ಕುತ್ತೆ. ಡಿಸ್ಟಾರ್ಷನ್ ನೇರ ಹಾರ್ನಿಗೆ ಹೋದರೆ ಅದೇ ಜೇನುಗೂಡು. ಇದಕ್ಕಾಗಿ ಪ್ರೊಸೆಸರ್ ಒಳಗೆ ಕ್ಯಾಬಿನೆಟ್ ನಕಲು ಇರುತ್ತೆ, ಮೆನುವಿನಲ್ಲಿ ಕ್ಯಾಬ್ ಅಂತ ಇರುತ್ತೆ. ಮಿಕ್ಸರ್‌ಗೆ ಹೋಗುವಾಗ ಅದು ಆನ್ ಇರಬೇಕು, ಔಟ್‌ಪುಟ್ ಸೆಟ್ಟಿಂಗ್ ಲೈನ್ ಅಂತ ಇರಬೇಕು. ನಿಜವಾದ ಗಿಟಾರ್ ಆಂಪ್‌ಗೆ ಹಾಕುವಾಗ ಕ್ಯಾಬ್ ಆಫ್ ಮಾಡಬೇಕು, ಇಲ್ಲದಿದ್ದರೆ ಕಂಬಳಿ ಮೇಲೆ ಕಂಬಳಿ ಹೊದೆಸಿದ ಹಾಗೆ ದನಿ ಮುಚ್ಚಿಹೋಗುತ್ತೆ. ಬಾಮೈದನ ಪೆಟ್ಟಿಗೆಯಲ್ಲಿ ಔಟ್‌ಪುಟ್ ಆಂಪ್ ಅಂತ ಇತ್ತು, ಹಳೆ ಮಾಲೀಕ ಇಟ್ಟಿದ್ದದ್ದು. ಅದೊಂದನ್ನು ಬದಲಿಸಿದ ಕೂಡಲೇ ಮೈಕ್‌ಸೆಟ್ ಅಣ್ಣ ಬೀಡಿ ಕೆಳಗಿಟ್ಟು ತಿರುಗಿ ನೋಡಿದರು.

ಎರಡನೆಯದು ಹೆಡ್‌ಫೋನ್. ಮನುಷ್ಯನ ಕಿವಿ ಮೆಲ್ಲಗಿನ ದನಿಯಲ್ಲಿ ಬೇಸನ್ನೂ ಕೀಚನ್ನೂ ಕಮ್ಮಿ ಕೇಳಿಸಿಕೊಳ್ಳುತ್ತೆ. ಜೋರಾದಾಗ ಅವೆರಡೂ ಮೇಲೇಳುತ್ತವೆ. ಅಮೆರಿಕದ ಬೆಲ್ ಪ್ರಯೋಗಾಲಯದ ಫ್ಲೆಚರ್ ಮತ್ತು ಮನ್ಸನ್ ಇದನ್ನು 1933ರಲ್ಲೇ ಅಳೆದು ತೋರಿಸಿದ್ದರು. ರಾತ್ರಿ ಮನೆಯವರು ಮಲಗಿದ ಮೇಲೆ ಮೆಲ್ಲಗೆ ಇಟ್ಟು ಹದ ಮಾಡಿದ ಟೋನ್‌ನಲ್ಲಿ ಬೇಸ್, ಟ್ರೆಬಲ್ ತುಂಬಿ, ಮಿಡ್ ಖಾಲಿಯಾಗಿರುತ್ತೆ. ವೇದಿಕೆಯ ಜೋರಿನಲ್ಲಿ ಅದು ಗುಂಯ್ ಮತ್ತು ಚುಂಯ್ ಎರಡೇ. ಆದ್ದರಿಂದ ಟೋನ್ ಹದ ಮಾಡುವುದು ಕಾರ್ಯಕ್ರಮದಷ್ಟೇ ಜೋರಿನಲ್ಲಿ, ಆದರೆ ಮೈಕ್‌ಸೆಟ್ಟಿನಲ್ಲೇ. ಕಂಪನಿಯವರು ತುಂಬಿಕೊಟ್ಟ ಟೋನ್‌ಗಳೂ ಹಾಗೆಯೇ. ಅಂಗಡಿಯಲ್ಲಿ ಒಂಟಿಯಾಗಿ ಬಾರಿಸಿದಾಗ ಬೆರಗು ಹುಟ್ಟಿಸಲೆಂದು ಮಾಡಿದವು, ಎಂಟು ಜನರ ನಡುವೆ ನಿಲ್ಲಲೆಂದಲ್ಲ.

ಮೂರನೆಯದು ಗೇನ್. ಹುಡುಗರು ಎಲ್ಲರೂ ಗೇನನ್ನು ತುದಿಗೆ ತಿರುಗಿಸುತ್ತಾರೆ. ಗೇನ್ ಏರಿದಷ್ಟೂ ದನಿ ಚಪ್ಪಟೆಯಾಗುತ್ತೆ. ತಂತಿಗೆ ಬಿದ್ದ ಏಟು ಮೃದುವೋ ಜೋರೋ ಅನ್ನುವುದೇ ಅಳಿಸಿಹೋಗುತ್ತೆ, ಸುಮ್ಮನಿದ್ದಾಗಲೂ ಸೊಂಯ್ ಅನ್ನುತ್ತೆ. ನಾವು ಅರ್ಧಕ್ಕಿಂತ ಕೆಳಗೆ ಇಳಿಸಿದೆವು. ಮೊದಲು ಅವನಿಗೆ ಸಪ್ಪೆ ಅನ್ನಿಸಿತು. ತಂಡದ ಹಾಡಿನ ಟ್ರ್ಯಾಕ್ ಜೊತೆ ಬಾರಿಸಿ ದೂರದಿಂದ ರೆಕಾರ್ಡ್ ಮಾಡಿ ಕೇಳಿದಾಗ ಪ್ರತಿ ಸ್ವರವೂ ಬಿಡಿಬಿಡಿಯಾಗಿತ್ತು. ಗೇನ್ ಇಳಿಸಿದ ಜಾಗದಲ್ಲಿ ಮಿಡ್ ಸ್ವಲ್ಪ ಏರಿಸಿದೆವು. ಜನ ಗಿಟಾರನ್ನು ಕೇಳಿಸಿಕೊಳ್ಳುವುದು ಆ ಮಿಡ್‌ನಲ್ಲೇ.

ನಾಲ್ಕನೆಯದು ಜಾಗ ಬಿಟ್ಟುಕೊಡುವುದು. ಗಿಟಾರಿನ ದಪ್ಪ ತಂತಿ ಸುಮಾರು 82 ಹರ್ಟ್ಸ್. ಅದೇ ಜಾಗದಲ್ಲಿ ಕೀಬೋರ್ಡಿನ ಎಡಗೈ, ಢೋಲಕ್ಕಿನ ಬಲವಾದ ಭಾಗ, ಪ್ಯಾಡಿನ ಕಿಕ್ ಎಲ್ಲವೂ ಕೂತಿರುತ್ತವೆ. ಸುಮಾರು 100 ಹರ್ಟ್ಸ್ ಕೆಳಗಿನದನ್ನೂ 6,000ದ ಮೇಲಿನದನ್ನೂ ಕತ್ತರಿಸಿಬಿಟ್ಟೆವು. ಒಂಟಿಯಾಗಿ ಕೇಳಿದರೆ ತೆಳು. ಎಲ್ಲರ ಜೊತೆ ಕೇಳಿದರೆ ತನ್ನ ಗೆರೆಯಲ್ಲಿ ತಾನು. ಸುದ್ದಿ ಬರೆಯುವವರಿಗೆ ಇದು ಗೊತ್ತಿರುವ ಪಾಠವೇ. ನಾಲ್ಕು ಕಾಲಂಗೆ ಬರೆದದ್ದನ್ನು ಸಿಂಗಲ್ ಕಾಲಂಗೆ ಇಳಿಸಿದರೂ ವಿಷಯ ನಿಲ್ಲಬೇಕು.

ಐದನೆಯದು ಎಕೋ. ಊರ ಮುಂದಿನ ಬಯಲಲ್ಲಿ ಶಾಲೆ ಗೋಡೆ, ದೇವಸ್ಥಾನದ ಗೋಡೆ ತಾವೇ ಎಕೋ ಕೊಡುತ್ತವೆ. ಮೇಲೆ ಮೈಕ್‌ಸೆಟ್‌ನವರು ಹಾಡುವವರಿಗೆ ಇನ್ನಷ್ಟು ಹಾಕುತ್ತಾರೆ. ಗಿಟಾರಿಗೂ ಹಾಕಿದರೆ ಎಲ್ಲ ಕಲಸು ಮೇಲೋಗರ. ರಿವರ್ಬ್ ಬಹುತೇಕ ತೆಗೆದೆವು. ಡಿಲೇಯನ್ನು ಸೋಲೋಗೆ ಮಾತ್ರ, ತಾಳದ ಲೆಕ್ಕಕ್ಕೆ ಇಟ್ಟೆವು. 60,000ವನ್ನು ಹಾಡಿನ ವೇಗದಿಂದ ಭಾಗಿಸಿದರೆ ಒಂದು ಬೀಟಿಗೆ ಎಷ್ಟು ಮಿಲಿಸೆಕೆಂಡ್ ಅಂತ ಸಿಗುತ್ತೆ. ನಿಮಿಷಕ್ಕೆ 120 ಬೀಟ್ ಇದ್ದರೆ 500. ಲೆಕ್ಕ ಕೂಡಿದರೆ ಎಕೋ ತಾಳದೊಳಗೇ ಬೀಳುತ್ತೆ.

ಆರನೆಯದು ಅಳತೆ. ಪ್ರೊಸೆಸರ್‌ನಿಂದ ಬರುವ ಲೈನ್ ಸಿಗ್ನಲ್ ಮೈಕ್‌ಗಿಂತ ಎಷ್ಟೋ ಪಟ್ಟು ಜೋರು. ಅದನ್ನು ಮೈಕ್ ಚಾನಲ್‌ಗೆ ಚುಚ್ಚಿ ಗೇನ್ ಹಾಗೇ ಬಿಟ್ಟರೆ ಮಿಕ್ಸರ್‌ನಲ್ಲೇ ಒಡೆಯುತ್ತೆ. ಆಗ ಬೈಗುಳ ಗಿಟಾರ್‌ನವನಿಗೆ. ಮಿಕ್ಸರ್‌ನಲ್ಲಿ ಪ್ಯಾಡ್ ಬಟನ್ ಒತ್ತಿಸಿ, ಅಥವಾ ಗೇನ್ ಪೂರ್ತಿ ಇಳಿಸಿ ನಿಧಾನವಾಗಿ ಏರಿಸಲು ಹೇಳಿ. ಎಲ್ಲ ಟೋನ್‌ಗಳೂ ಒಂದೇ ಜೋರಿಗೆ ಇರಲಿ, ಸೋಲೋ ಮಾತ್ರ 3ರಿಂದ 4 ಡೆಸಿಬೆಲ್ ಮೇಲೆ. ಮೈಕ್‌ಸೆಟ್ ಮೊನೊ ಇದ್ದರೆ ಎಡಗಡೆಯ, ಮೊನೊ ಅಂತ ಬರೆದಿರುವ ಜಾಕ್ ಒಂದನ್ನೇ ಹಾಕಿ. ಮಿಕ್ಸರ್ ದೂರವಿದ್ದರೆ ನಡುವೆ ಡಿಐ ಬಾಕ್ಸ್ ಇಟ್ಟು ಮೈಕ್ ಕೇಬಲಲ್ಲಿ ಕಳಿಸಿ. ಉದ್ದನೆಯ ಗಿಟಾರ್ ಕೇಬಲ್ ಜನರೇಟರಿನ ಸದ್ದನ್ನೆಲ್ಲ ಹೀರಿಕೊಂಡು ಬರುತ್ತೆ. ಪ್ರೊಸೆಸರ್‌ಗೆ ಸಿಕ್ಕಿದ ಅಡಾಪ್ಟರ್ ಚುಚ್ಚಬೇಡಿ. ಪೆಟ್ಟಿಗೆಯ ಮೇಲೆ ಬರೆದ ವೋಲ್ಟ್, ಮಿಲಿಆಂಪ್, ಪ್ಲಸ್-ಮೈನಸ್ ಗುರುತು ಮೂರೂ ಹೊಂದಬೇಕು.

ಇಷ್ಟಕ್ಕೆ ಆದ ಖರ್ಚು ಒಂದು ಡಿಐ ಬಾಕ್ಸ್, ಒಂದು ಸರಿಯಾದ ಅಡಾಪ್ಟರ್, ಒಂದು ಸೆಟ್ ಹೊಸ ತಂತಿ. ತುಕ್ಕು ಹಿಡಿದ ತಂತಿಗೆ ಯಾವ ಪ್ರೊಸೆಸರೂ ಜೀವ ಕೊಡಲ್ಲ. ಅವನ 9,000ದಲ್ಲಿ ಅರ್ಧಕ್ಕಿಂತ ಹೆಚ್ಚು ಉಳಿಯಿತು.

ವಾಲ್ವ್ ಆಂಪ್ ಬಂದಿದ್ದರೆ? ದನಿ ಚೆನ್ನಾಗೇ ಇರುತ್ತಿತ್ತು, ಅದರಲ್ಲಿ ಎರಡು ಮಾತಿಲ್ಲ. ಬೆರಳಿನ ಏಟಿಗೆ ವಾಲ್ವ್ ಮಾರುತ್ತರ ಕೊಡುವ ರೀತಿ ಬಾರಿಸುವವನಿಗೆ ತಿಳಿಯುತ್ತೆ. ಆದರೆ ಸುಮಾರು 30 ಕಿಲೋ ಪೆಟ್ಟಿಗೆಯನ್ನು ಟೆಂಪೋದಲ್ಲಿ ಕುಲುಕಾಡಿಸಿಕೊಂಡು ಹೋಗಬೇಕು, ವೋಲ್ಟೇಜ್ ಏರಿಳಿತಕ್ಕೆ ಒಡ್ಡಬೇಕು. ಎಲ್ಲ ಆದ ಮೇಲೂ ಐನೂರು ಜನರ ಬಯಲಿಗೆ ಅದರ ಮುಂದೆ ಮೈಕ್ ಇಟ್ಟು ಅದೇ ಹಾರ್ನಿಗೇ ಕಳಿಸಬೇಕು. ಜನ ಕೇಳುವುದು ಮೈಕ್‌ಸೆಟ್ಟನ್ನು. ಓಲೆ ಅಡವಿಟ್ಟರೂ ಅದು ಬದಲಾಗುತ್ತಿರಲಿಲ್ಲ.

ಮೂರನೇ ಸಂಜೆ ಗೋಡೌನಿನಲ್ಲಿ ಇನ್ನೊಂದು ವಿಷಯ ಬಂತು. ನನ್ನ ಪ್ರಕಾರ ಟೋನ್‌ಗಿಂತ ದೊಡ್ಡದು. ಬಾಮೈದ ಗಿಟಾರ್ ಹಿಡಿದು ಮೈಕಿಗೆ ಬಾಯಿ ಹತ್ತಿರ ತಂದಾಗ ತುಟಿಗೆ ಚುರ್ ಅಂತು. "ಇದು ಎಲ್ಲಾ ಕಡೆ ಆಗುತ್ತೆ ಬಾವ, ಅಭ್ಯಾಸ" ಅಂದ. ಎಲೆಕ್ಟ್ರಿಷಿಯನ್ ಬಾಯಲ್ಲಿ ಈ ಮಾತು!

ಗಿಟಾರಿನ ತಂತಿಗಳು ಒಳಗೆ ಗ್ರೌಂಡಿಗೆ ಸೇರಿರುತ್ತವೆ. ಮೈಕಿನ ಜಾಲರಿಯೂ ಹಾಗೆಯೇ. ಗಿಟಾರಿನ ಕಡೆಯದು ಒಂದು ಬೋರ್ಡು, ಮೈಕಿನ ಕಡೆಯದು ಜನರೇಟರ್ ಅಂತ ಆಗಿ, ಯಾವುದಾದರೂ ಒಂದಕ್ಕೆ ಸರಿಯಾದ ಅರ್ತ್ ಇಲ್ಲದೆ ಲೀಕ್ ಆದರೆ ನಡುವಿನ ತಂತಿ ನಿಮ್ಮ ಮೈ. ಕೈಯಿಂದ ತುಟಿಗೆ, ಎದೆ ಮೂಲಕ. ಹಸಿ ನೆಲದಲ್ಲಿ ಬರಿಗಾಲಲ್ಲಿ ನಿಂತರೆ ಇನ್ನೂ ಕೆಟ್ಟದ್ದು. 1972ರ ಮೇ ತಿಂಗಳಲ್ಲಿ ಬ್ರಿಟನ್ನಿನ ಸ್ವಾನ್‌ಸೀಯಲ್ಲಿ ಸ್ಟೋನ್ ದಿ ಕ್ರೋಸ್ ತಂಡದ ಗಿಟಾರಿಸ್ಟ್ ಲೆಸ್ ಹಾರ್ವಿ, ಅರ್ತ್ ಇಲ್ಲದ ಮೈಕ್ ಮುಟ್ಟಿ ವೇದಿಕೆಯ ಮೇಲೇ ಸತ್ತರು. ಸದ್ದು ಬರುತ್ತೆ ಅಂತ ಪ್ಲಗ್‌ನ ಮೂರನೇ ಪಿನ್ ಮುರಿಯುವವರನ್ನು ನಮ್ಮ ಕಡೆ ನಾನೇ ನೋಡಿದ್ದೇನೆ. ಹಮ್ ಹೋಗಿಸಲು ಡಿಐ ಬಾಕ್ಸ್‌ನಲ್ಲಿ ಗ್ರೌಂಡ್ ಲಿಫ್ಟ್ ಅಂತ ಸ್ವಿಚ್ ಇರುತ್ತೆ. ಅದು ಆಡಿಯೋ ಕೇಬಲ್‌ನದು, ಒತ್ತಬಹುದು. ಕರೆಂಟಿನ ಅರ್ತ್ ಪಿನ್ ಮಾತ್ರ ಎಂದೂ ತೆಗೆಯಬೇಡಿ.

ಅವತ್ತಿನಿಂದ ಬಾಮೈದ ಕಾರ್ಯಕ್ರಮಕ್ಕೆ ಎರಡು ಗಂಟೆ ಮುಂಚೆ ಹೋಗುತ್ತಾನೆ. ಅರ್ತ್ ರಾಡ್ ಹೊಡೆದು, ನೀರು ಹುಯ್ದು, ವೇದಿಕೆಯ ಎಲ್ಲ ಸಾಮಾನಿಗೂ ಒಂದೇ ಕಡೆಯಿಂದ ಕರೆಂಟ್ ಎಳೆದು, 30 ಮಿಲಿಆಂಪ್‌ನ ಆರ್‌ಸಿಸಿಬಿ ಹಾಕುತ್ತಾನೆ. ಮೈಕ್‌ಗೆ ಟೆಸ್ಟರ್ ಇಟ್ಟು ನೋಡಿಯೇ ಹಾಡುವವರಿಗೆ ಕೊಡುತ್ತಾನೆ. ರಾತ್ರಿ 10ಕ್ಕೆ ಧ್ವನಿವರ್ಧಕ ನಿಲ್ಲಿಸಬೇಕಾದ ಕಾನೂನು ಇರುವುದರಿಂದ ಸಂಜೆ ಗಡಿಬಿಡಿ ಇದ್ದೇ ಇರುತ್ತೆ. ಆದರೂ ಈ ಕೆಲಸ ಬಿಡುವುದಿಲ್ಲ.

ಸಂಕ್ರಾಂತಿ ಜಾತ್ರೆಯ ಕಾರ್ಯಕ್ರಮ ಆಯಿತು. ಶಂಕರ್‌ನಾಗ್ ಅವರ 1981ರ 'ಗೀತಾ' ಚಿತ್ರದ ಹಾಡು ಶುರುವಾದಾಗ ಕೊನೆ ಸಾಲಿನಲ್ಲಿ ನನ್ನ ಪಕ್ಕ ಕಡ್ಲೆಕಾಯಿ ಮಾರುತ್ತಿದ್ದವರು, "ಗಿಟಾರ್ ಹೊಸಬನಾ?" ಅಂತ ಕೇಳಿದರು. ಯಜಮಾನರು ಹೊಗಳಲಿಲ್ಲ. ದುಡ್ಡು ಎಣಿಸಿ ಕೊಟ್ಟು "ಇಪ್ಪತ್ತಾರಕ್ಕೆ ಬೇಗ ಬಾ, ಅರ್ತ್ ನೀನೇ ನೋಡ್ಕೊ" ಅಂದರು. ವೈರಿಂಗ್‌ಗೆ ಬೇರೆ 300 ಸೇರಿಸಿದ್ದರು. ಮುಂದಿನ ವರ್ಷ ತಂಡ ಪೂರ್ತಿ ಟ್ರ್ಯಾಕ್ ಹಾಕಿಕೊಂಡು ಹಾಡಿಸಿದರೆ ಈ ಜಾಗವೂ ಇರಲಿಕ್ಕಿಲ್ಲ. ಅದಕ್ಕೆ ಯಾವ ಪೆಟ್ಟಿಗೆಯಲ್ಲೂ ಬಟನ್ ಇಲ್ಲ. ಈ ಸೀಸನ್ ಮಾತ್ರ ಅವನದು. ಅತ್ತೆಯ ಓಲೆ ಅತ್ತೆಯ ಕಿವಿಯಲ್ಲೇ ಇದೆ.

ಕೊನೆಗೆ ಗಣಪತಿ ಕಮಿಟಿ, ಜಾತ್ರೆ ಕಮಿಟಿಯವರಲ್ಲಿ ಒಂದು ಕೇಳಿಕೆ. ವೇದಿಕೆಗೆ ಬಣ್ಣದ ಲೈಟು, ಹೂವು, ಫ್ಲೆಕ್ಸ್ ಎಲ್ಲಕ್ಕೂ ದುಡ್ಡು ಎತ್ತಿಡುತ್ತೀರಿ. ಒಂದು ಅರ್ತ್ ಗುಂಡಿಗೂ, ಒಂದು ಆರ್‌ಸಿಸಿಬಿಗೂ ಎತ್ತಿಡಿ. ಮೇಲೆ ನಿಂತು ಹಾಡುವವರು, ಬಾರಿಸುವವರು ನಮ್ಮ ನಿಮ್ಮ ಮನೆ ಮಕ್ಕಳೇ.